‘ಹೆಣ್ಣ್ ಗಟ್ಟಿ ಇತ್ತ್’ ಎಂದ ಬುರುಡೆ ಡಾಕ್ಟ್ರು

ಬೈಯುವಾಗಲೆಲ್ಲ ವಾರಿಜಾ ಡಾಕ್ಟ್ರ ಎಡಗಂಕುಳಲ್ಲಿ ಒಂದು ಬಾಟಲಿ ಇರುತ್ತಿತ್ತು. ಸ್ಕ್ಯಾನಿಂಗಿಗೆ ಹಚ್ಚುವ ಜೆಲ್ಲಿಯ ಬಾಟಲಿ. ಎ.ಸಿ. ರೂಮಿನಲ್ಲಿಟ್ಟ ಜೆಲ್ಲಿ ತಣ್ಣಗೆ ಕೊರೆಯುತ್ತದೆ. ಹಾಗೇ ತಂದು ಮಗುವಿನ ತಲೆಗೆ ಸುರಿದರೆ ಮಗು ಬೆಚ್ಚಿ ಬಿದ್ದು ರಂಪ ಮಾಡುತ್ತದೆ. ಅದಕ್ಕೆ ಬಾಟಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಿಸಿ ಮಾಡುತ್ತಿದ್ದರು. ಜೆಲ್ಲಿ ಬೆಚ್ಚಗಾಗುವಷ್ಟು ಹೊತ್ತು ಮಗುವನ್ನು ಎತ್ತಿಕೊಂಡು ಬಂದವರಿಗೆ ಬೈಗುಳ. ಎಡಗೈ ಎತ್ತಿದರೆ ಬಾಟಲಿ ಬೀಳುತ್ತದಲ್ಲ, ಹಾಗಾಗಿ ಬಲಗೈಯೊಂದೇ ಗಾಳಿಯಲ್ಲಿ ಹಾರಾಡುತ್ತಿತ್ತು.

"ತಿಕ್ಕಿದ್ರಿಯಾ? ಬಾಯ್ ಬಿಟ್ಟ್ ಹೇಳಿ. ತಿಕ್ಕಿದ್ರಿಯಾ ಇಲ್ಯಾ?"

ಅವರ ದನಿ ಆಸ್ಪತ್ರೆಯ ಹೊರಗಿನ ಆಟೋ ಸ್ಟ್ಯಾಂಡಿಗೆ ಕೇಳುತ್ತಿತ್ತು. ಆದರೆ ಅದೇ ಬಾಯಿ ಮಗುವಿನ ಕಡೆ ತಿರುಗಿದ ಕೂಡಲೇ ಪಿಸುಗುಡುತ್ತಿತ್ತು. ಈ ಎರಡು ದನಿಗಳ ನಡುವೆ ಅವರು ಉಸಿರು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ನಾನು ಪ್ರೇಮಾ. ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸೆಯ ವಿಭಾಗದಲ್ಲಿ, ಸಿಸ್ಟರ್. ವಾರಿಜಾ ಡಾಕ್ಟ್ರು ಅಲ್ಲಿನ ಡಾಕ್ಟ್ರಾಗಿದ್ದರು. ಮನೆ ಕುಂಭಾಶಿ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ನನಗೆ ಇನ್ನೂ ಅಲ್ಲಿ ಕೆಲಸ ಇದೆ. ಸಿಟ್ಟು ಇಳಿದ ಮೇಲೆ ಬರೆದರೆ ಒಳ್ಳೆಯದಿತ್ತು ಎಂದು ನನ್ನ ಗಂಡ ಹೇಳಿದರು. ಇಳಿಯುವ ಲಕ್ಷಣ ಕಾಣದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಮೊದಲು ಈ ತಿಕ್ಕುವ ವಿಷಯ ಹೇಳಬೇಕು. ನಮ್ಮ ಕಡೆ ಮಗು ಬಿದ್ದು ತಲೆಯಲ್ಲಿ ಬುಗುಟೆ ಎದ್ದರೆ ಮನೆಯ ಹಿರಿಯ ಹೆಂಗಸು ಮಾಡುವ ಮೊದಲ ಕೆಲಸವೇ ಅದು. ಅಂಗೈಗೆ ತೆಂಗಿನೆಣ್ಣೆ ಹಾಕಿಕೊಂಡು, ಬುಗುಟೆಯ ಮೇಲೆ ಇಟ್ಟು, ಹಿಟ್ಟು ನಾದಿದ ಹಾಗೆ ನಾದುವುದು. ಕೆಲವರು ಚೊಂಬಿನ ತಳ ಬಿಸಿ ಮಾಡಿ ಒತ್ತುತ್ತಾರೆ. ಬುಗುಟೆ ಒಳಗೆ ಹೋಗಬೇಕಂತೆ, ಹೋಗದಿದ್ದರೆ ಮಗುವಿನ ತಲೆ ಸೊಟ್ಟಗಾಗುತ್ತದಂತೆ. ನನ್ನ ಅಜ್ಜಿ ನನಗೆ ತಿಕ್ಕಿದ್ದಾರೆ, ಅವರಿಗೆ ಅವರಜ್ಜಿ ತಿಕ್ಕಿರಬಹುದು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಣ್ಣೆ ಹಚ್ಚದೆ ಆಸ್ಪತ್ರೆಗೆ ಬಂದ ಬುಗುಟೆಯನ್ನು ನಾನು ಕಂಡದ್ದು ಕಡಿಮೆ.

ವಾರಿಜಾ ಡಾಕ್ಟ್ರು ಆ ಎಣ್ಣೆಯ ಹೊಳಪು ಕಂಡರೆ ಸಾಕು, ಮುಖ ಕೆಂಪಾಗುತ್ತಿತ್ತು.

"ಒಳ್ಗ್ ಹೋಯ್ಕಾ? ಒಳ್ಗ್ ಎಲ್ಲಿಗ್ ಹೋಯ್ಕ್ ಅದ್? ಒಳ್ಗ್ ಎಂತ ಇತ್ತ್ ಗೊತ್ತಿತ್ತಾ? ಮಿದುಳ್ ಇತ್ತ್ ಮಾರಾಯ್ರೆ, ಮಿದುಳ್! ನಿಮ್ಗ್ ಇಲ್ದಿದ್ರೂ ಮಗಿಗ್ ಇತ್ತ್!"

ನಮ್ಮ ಕಡೆ ‘ಇತ್ತ್’ ಎಂದರೆ ‘ಇದೆ’ ಎಂದು ಅರ್ಥ. ಬೈಸಿಕೊಂಡ ಅಜ್ಜಿಯಂದಿರು ಹೊರಗೆ ಹೋಗಿ "ಈ ಡಾಕ್ಟ್ರಿಗೆ ತಲೆ ಸಮ ಇಲ್ಲೆ" ಎನ್ನುತ್ತಿದ್ದರು. ಮುಂದಿನ ಸಲ ಮೊಮ್ಮಗು ಬಿದ್ದಾಗ ಮತ್ತೆ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬರುವಾಗ ಎಣ್ಣೆಯನ್ನು ಸೀರೆಯ ಸೆರಗಿನಲ್ಲಿ ಒರೆಸಿ ತರುತ್ತಿದ್ದರು, ಅಷ್ಟೇ ವ್ಯತ್ಯಾಸ.

ತಲೆಗೆ ಪೆಟ್ಟಾದ ಮಗು ಬಂದರೆ ಬೇರೆ ಕಡೆ ಎರಡೇ ದಾರಿ. ಒಂದೋ "ಎಂತ ಇಲ್ಲ, ಹೋಗಿ" ಎಂದು ಕಳಿಸುವುದು, ಇಲ್ಲವೇ ಸಿಟಿ ಸ್ಕ್ಯಾನಿಗೆ ಕಳಿಸುವುದು. ಸಿಟಿ ಯಂತ್ರ ನಮ್ಮಲ್ಲಿಲ್ಲ, ಮಣಿಪಾಲಕ್ಕೆ ಹೋಗಬೇಕು. ಅಲ್ಲಿ ಮಗು ಅಲುಗಾಡದೆ ಮಲಗಬೇಕು, ಮಲಗದಿದ್ದರೆ ಮಂಪರು ಬರಿಸಬೇಕು. ವಾರಿಜಾ ಡಾಕ್ಟ್ರು ಮೂರನೆಯದೊಂದು ದಾರಿ ಕಲಿತು ಬಂದಿದ್ದರು. ನಮ್ಮ ಸ್ಕ್ಯಾನಿಂಗ್ ರೂಮಿನಲ್ಲಿ ಚಕ್ರ ಇರುವ ಒಂದು ಸಣ್ಣ ಅಲ್ಟ್ರಾಸೌಂಡ್ ಯಂತ್ರವಿತ್ತು. ಅದನ್ನು ನಾನು ಕಿರ್‍ರೆನಿಸುತ್ತ ದೂಡಿಕೊಂಡು ಕ್ಯಾಶುವಲ್ಟಿಗೆ ತರಬೇಕು. ಮಗು ತಾಯಿಯ ಮಡಿಲಲ್ಲೇ ಇರುತ್ತದೆ, ಬೇಕಾದರೆ ಹಾಲು ಕುಡಿಯುತ್ತಲೂ ಇರುತ್ತದೆ. ಬುಗುಟೆಯ ಮೇಲೆ ಬೆಚ್ಚಗಿನ ಜೆಲ್ಲಿಯನ್ನು ದಪ್ಪಗೆ ಹಾಕಿ, ಪ್ರೋಬನ್ನು, ಅಂದರೆ ಯಂತ್ರದ ಮೈಗೆ ತಾಗಿಸುವ ಹಿಡಿಕೆಯನ್ನು, ಅದರ ಮೇಲೆ ತೇಲಿಸಿದ ಹಾಗೆ ಇಡುತ್ತಿದ್ದರು. ಒತ್ತುವ ಮಾತೇ ಇಲ್ಲ. ಪರದೆಯಲ್ಲಿ ಬುರುಡೆಯ ಮೂಳೆ ಒಂದು ಬಿಳಿ ಗೆರೆಯಾಗಿ ಕಾಣುತ್ತದೆ. ಗೆರೆ ಎಲ್ಲೂ ಮುರಿಯದೆ ಸಾಗಿದರೆ ಮೂಳೆ ಗಟ್ಟಿ. ನಡುವೆ ತುಂಡಾಗಿದ್ದರೆ, ಅಥವಾ ಮೆಟ್ಟಿಲಿನ ಹಾಗೆ ಇಳಿದಿದ್ದರೆ, ಒಡೆದಿದೆ ಎಂದು ಅರ್ಥ.

ಮಕ್ಕಳ ಬುರುಡೆಯಲ್ಲಿ ಹುಟ್ಟಿನಿಂದಲೇ ಸಂದುಗಳಿರುತ್ತವೆ. ಅವೂ ಒಡಕಿನ ಹಾಗೇ ಕಾಣುತ್ತವೆ. ಅದಕ್ಕೆ ಡಾಕ್ಟ್ರು ಯಾವಾಗಲೂ ಪೆಟ್ಟಾಗದ ಬದಿಯನ್ನೂ ನೋಡುತ್ತಿದ್ದರು, ಗೆರೆ ನೆತ್ತಿಯ ಕಡೆ ಹೋಗುತ್ತದೋ ಎಂದು ಹಿಂಬಾಲಿಸುತ್ತಿದ್ದರು. "ದೇವ್ರ್ ಇಟ್ಟ ಸಂದ್ ಎರ್ಡೂ ಬದೀಲ್ ಇರತ್ತ್ ಪ್ರೇಮ. ಮನ್ಷ್ರ್ ಮಾಡದ್ದ್ ಒಂದೇ ಬದೀಲ್" ಎಂದು ನನಗೆ ಹೇಳಿಕೊಟ್ಟದ್ದೂ ಅವರೇ. ಯಂತ್ರದ ಮೇಲೆ ಅವರಿಗೆ ಕುರುಡು ನಂಬಿಕೆಯೂ ಇರಲಿಲ್ಲ. ಅದು ಮೂಳೆಯನ್ನು ಮಾತ್ರ ಹೇಳುತ್ತದೆ, ಒಳಗೆ ರಕ್ತ ಕಟ್ಟಿದ್ದರೆ ಹೇಳುವುದಿಲ್ಲ. ಮಗು ವಾಂತಿ ಮಾಡುತ್ತಿದ್ದರೆ, ಮಂಕಾಗಿದ್ದರೆ, ಗೆರೆ ಎಷ್ಟೇ ನೆಟ್ಟಗಿರಲಿ, ನೇರ ಮಣಿಪಾಲಕ್ಕೆ ಕಳಿಸುತ್ತಿದ್ದರು. ಎಲ್ಲ ಸರಿಯಿದ್ದು ಮನೆಗೆ ಕಳಿಸಿದ ಮಕ್ಕಳನ್ನೂ ಮರುದಿನ ತಂದು ತೋರಿಸಲೇಬೇಕು. ತಾರದಿದ್ದರೆ ಫೋನ್ ಮಾಡಿ ಬೈಗುಳ.

ಕೊಕ್ಕರ್ಣೆಯ ಮಗುವಿನ ಕತೆಯಿಂದ ಅವರಿಗೆ ಬುರುಡೆ ಡಾಕ್ಟ್ರು ಎಂಬ ಹೆಸರು ಬಿತ್ತು.

ಇನ್ನೂ ಅಂಬೆಗಾಲಿಡುತ್ತಿದ್ದ ಗಂಡುಮಗು ಅದು. ಅಜ್ಜಿ ಎತ್ತಿಕೊಂಡು ಬಂದಿದ್ದರು, ತಾಯಿ ಹಿಂದೆ ಅಳುತ್ತ ನಿಂತಿದ್ದಳು. ಕಿವಿಯ ಮೇಲೆ ಒಂದು ಕಡೆ ಮೆತ್ತಗೆ ಊದಿಕೊಂಡಿತ್ತು.

"ಎಲ್ಲಿಂದ ಬಿತ್ತ್?" ಡಾಕ್ಟ್ರು ಕೇಳಿದರು.

"ಬಿದ್ದದ್ದೇ ಇಲ್ಲೆ ಡಾಕ್ಟ್ರೆ" ಎಂದರು ಅಜ್ಜಿ. "ಶೀತ ಆಯಿ ಮರ್ಕುದ್. ಶೀತಕ್ಕೆ ತಲೆ ಊದಿತ್ತ್."

ಶೀತಕ್ಕೆ ಮಗು ಅಳುವುದು ಸರಿ, ಶೀತಕ್ಕೆ ತಲೆ ಊದಿದ್ದನ್ನು ನಾನು ಅಲ್ಲಿವರೆಗೆ ಕೇಳಿರಲಿಲ್ಲ. ಡಾಕ್ಟ್ರು ಆವತ್ತು ಬೈಯಲೂ ಇಲ್ಲ, ಬಾಟಲಿಯನ್ನು ಕಂಕುಳಿಗೆ ಇಟ್ಟುಕೊಂಡು ಸುಮ್ಮನೆ ನಿಂತರು. ಅವರು ಸುಮ್ಮನಾದರೆ ನನಗೆ ಭಯ. ಪ್ರೋಬ್ ಇಟ್ಟ ಕೂಡಲೇ ಗೆರೆ ಸಿಕ್ಕಿತು, ಒಂದು ಕಡೆ ತುಂಡಾಗಿ ಒಳಕ್ಕೆ ಇಳಿದಿತ್ತು. ಇನ್ನೊಂದು ಬದಿಯಲ್ಲಿ ನೋಡಿದರು. ಅಲ್ಲಿ ಗೆರೆ ನೆಟ್ಟಗಿತ್ತು.

"ಅಜ್ಜಿ, ಇಲ್ಕಾಣಿ" ಎಂದು ಪರದೆಯನ್ನು ಅವರ ಕಡೆ ತಿರುಗಿಸಿದರು. "ಜನ ಬುರ್ಡೆ ಬಿಡ್ತ್ರ್. ಬುರ್ಡೆ ಬುರ್ಡೆ ಬಿಡುದಿಲ್ಲೆ. ಈಗ್ ಹೇಳಿ, ಎಲ್ಲಿಂದ ಬಿತ್ತ್?"

ಅಜ್ಜಿ ಕುಸಿದು ಕೂತುಬಿಟ್ಟರು. ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಕುಕ್ಕರ್ ಇಳಿಸಲು ಹೋಗಿದ್ದರಂತೆ, ಅಷ್ಟರಲ್ಲಿ ಅದು ಮಗುಚಿ ಕಲ್ಲಿನ ನೆಲಕ್ಕೆ ಬಿದ್ದಿತ್ತು. ಸೊಸೆಗೆ ಹೆದರಿ ಹೇಳಲಿಲ್ಲ. ಬುಗುಟೆ ಕಂಡು ಸೊಸೆ ಕೇಳಿಬಿಟ್ಟಾಳೆಂದು ಬಾಗಿಲು ಹಾಕಿಕೊಂಡು ತಿಕ್ಕಿದ್ದರು. ಒಡೆದ ಮೂಳೆಯ ಮೇಲೆ, ಎಣ್ಣೆ ಹಚ್ಚಿ. ಡಾಕ್ಟ್ರು ಆಮೇಲೆ ಬೈದ ಬೈಗುಳಕ್ಕೆ ಅಜ್ಜಿ, ಸೊಸೆ, ಆಂಬುಲೆನ್ಸ್ ಡ್ರೈವರ್, ನಾನು, ಎಲ್ಲರೂ ಪಾಲುದಾರರಾದೆವು. ಮಣಿಪಾಲಕ್ಕೆ ಮಗುವಿನ ಜೊತೆ ಅವರೇ ಹೋದರು. ಅಲ್ಲಿ ಆಪರೇಷನ್ ಆಗಿ ಮಗು ಉಳಿಯಿತು. ಆ ಅಜ್ಜಿಯೇ ಊರಿಡೀ ಹೇಳಿಕೊಂಡು ಬಂದರು, ಕುಂದಾಪ್ರದಲ್ಲಿ ಒಬ್ರ್ ಬುರ್ಡೆ ಡಾಕ್ಟ್ರ್ ಇದ್ರ್, ಅವ್ರ್ ಹತ್ರ ಬುರ್ಡೆ ಬಿಡುಕೆ ಆತಿಲ್ಲೆ ಅಂತ. ಆ ಹೆಸರು ಕೇಳಿದರೆ ಡಾಕ್ಟ್ರಿಗೂ ಒಳಗೊಳಗೆ ಖುಷಿ.

ವಾರಿಜಾ ಡಾಕ್ಟ್ರು ಬೈಂದೂರು ಕಡೆಯ ಕಡಲ ಬದಿಯವರು. ತಾಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವರು. ಅವರ ದೊಡ್ಡ ದನಿ ತಾಯಿಯದ್ದೇ ಅಂತೆ. ಮನೆಯಲ್ಲಿ ಹೆಣ್ಣುಮಕ್ಕಳ ಸಾಲಿನಲ್ಲಿ ಇವರು ಕೊನೆಯವರು. ಹುಟ್ಟಿದಾಗ ಅಪ್ಪನ ತಾಯಿ "ಇದೂ ಹೆಣ್ಣಾ?" ಎಂದವರು ಆವತ್ತು ಉಪವಾಸ ಕೂತು, ಆಮೇಲೆ ಎಷ್ಟೋ ದಿನ ತೊಟ್ಟಿಲ ಹತ್ತಿರ ಬರಲಿಲ್ಲವಂತೆ. ಅದನ್ನು ತಾಯಿಯ ಬಾಯಲ್ಲಿ ಕೇಳಿ ಬೆಳೆದವರು ಇವರು. ಸ್ಕ್ಯಾನಿಂಗ್ ರೂಮಿನ ಹೊರಗೆ ‘ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು ಇರುತ್ತದಲ್ಲ, ನಮ್ಮಲ್ಲಿ ಅದಕ್ಕೆ ಧೂಳು ಹಿಡಿದರೆ ಒರೆಸುತ್ತಿದ್ದದ್ದು ಇವರೊಬ್ಬರೇ. ಬಸುರಿಯರ ಗಂಡಂದಿರು ಯಾರಾದರೂ ಹಲ್ಲು ಕಿರಿದು "ಎಂತದ್ ಅಂದೇಳಿ ಹೇಳುಕೆ ಆತಿಲ್ಯಾ ಡಾಕ್ಟ್ರೆ?" ಎಂದರೆ ಅವರ ಗತಿ ಮುಗಿದ ಹಾಗೆ. ಒಬ್ಬನನ್ನು ಗೇಟಿನವರೆಗೆ ಬೈಯುತ್ತ ಅಟ್ಟಿಕೊಂಡು ಹೋಗಿದ್ದರು. ಇಂಥವರ ಮೇಲೆ ಬಂದ ಆರೋಪ ಯಾವುದು ಎಂದು ಕೇಳಿದರೆ ನಿಮಗೂ ಸಿಟ್ಟು ಬರಬೇಕು.

ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ ಆ ಕಾನೂನು ಬೇಕು. ಅದರ ಬಗ್ಗೆ ನನಗೆ ತಕರಾರಿಲ್ಲ, ಡಾಕ್ಟ್ರಿಗೂ ಇರಲಿಲ್ಲ. ಯಾವ ಯಂತ್ರ ಎಲ್ಲಿದೆ, ಅದನ್ನು ಯಾರು ಮುಟ್ಟುತ್ತಾರೆ ಎನ್ನುವುದೆಲ್ಲ ಸರ್ಕಾರದಲ್ಲಿ ನೋಂದಣಿಯಾಗಿರಬೇಕು. ನಮ್ಮ ಯಂತ್ರ ಸ್ಕ್ಯಾನಿಂಗ್ ಡಾಕ್ಟ್ರ ಹೆಸರಿನಲ್ಲಿತ್ತು, ಅವರು ವಾರದಲ್ಲಿ ಕೆಲವೇ ದಿನ ಬರುವವರು. ವಾರಿಜಾ ಡಾಕ್ಟ್ರು ಮೊದಲ ದಿನವೇ ಆಸ್ಪತ್ರೆಯ ಯಜಮಾನರ ಹತ್ತಿರ ಹೋಗಿ, ನೋಂದಣಿಗೆ ತಮ್ಮ ಹೆಸರನ್ನೂ ಸೇರಿಸಿ, ಕ್ಯಾಶುವಲ್ಟಿಯಲ್ಲಿ ಯಂತ್ರ ಬಳಸುವುದನ್ನು ಸರ್ಕಾರಕ್ಕೆ ತಿಳಿಸಬೇಕು ಎಂದು ಕೇಳಿದ್ದರು. ಯಜಮಾನರೂ ಡಾಕ್ಟ್ರೇ, ನಾವು ದೊಡ್ಡ ಡಾಕ್ಟ್ರು ಎನ್ನುತ್ತೇವೆ. "ಆಯ್ತ್, ಅದೆಂತ ದೊಡ್ಡ್ ಸಂಗತಿ, ಕಳ್ಸ್ತೆ" ಎಂದರು. ಮತ್ತೊಮ್ಮೆ ಕೇಳಿದಾಗ "ಕಳ್ಸಿ ಆಯ್ತಲೆ, ನೀವ್ ಕೆಲ್ಸ ಮಾಡಿ" ಎಂದರು. ನಾನು ಅಲ್ಲೇ ನಿಂತಿದ್ದೆ, ನನ್ನ ಈ ಕಿವಿಯಲ್ಲೇ ಕೇಳಿದ್ದೇನೆ. ಮಕ್ಕಳ ತಲೆಬುರುಡೆಯನ್ನು ನೋಡಿ ಸುಳ್ಳು ಕಂಡುಹಿಡಿಯುತ್ತಿದ್ದ ನಮ್ಮ ಡಾಕ್ಟ್ರು ಎದುರಿಗೆ ಕುಳಿತ ಈ ದೊಡ್ಡ ತಲೆಯ ಮಾತನ್ನು ಹಾಗೇ ನಂಬಿಬಿಟ್ಟರು.

ಗುಲ್ವಾಡಿಯಿಂದ ಸುಜಾತ ಎಂಬ ಹೆಂಗಸು ಬಂದದ್ದು ಮಳೆ ಬಿಟ್ಟ ಒಂದು ಮಧ್ಯಾಹ್ನ. ತುಂಬು ಬಸುರಿ. ಮಡಿಲಲ್ಲಿ ಮೊದಲ ಮಗಳು, ಇನ್ನೂ ಮಾತು ಸ್ಪಷ್ಟವಾಗದ ಪುಟ್ಟ ಹುಡುಗಿ. ಜಗಲಿಯಿಂದ ಅಂಗಳಕ್ಕೆ ಉರುಳಿ ತಲೆಯ ಹಿಂದೆ ದೊಡ್ಡ ಬುಗುಟೆ. ಎಣ್ಣೆ ಹೊಳೆಯುತ್ತಿತ್ತು, ತಿಕ್ಕಿದವರು ಜೊತೆಗೇ ಬಂದಿದ್ದರು, ಅತ್ತೆ. ಡಾಕ್ಟ್ರು ಪದ್ಧತಿಯ ಹಾಗೆ ಅತ್ತೆಗೆ ಬೈದು ಬಟ್ಟೆಯ ಪರದೆಯ ಹೊರಗೆ ನಿಲ್ಲಿಸಿದರು.

ಒಳಗೆ ಹುಡುಗಿ ಅಮ್ಮನ ಹೊಟ್ಟೆಗೆ ಒರಗಿ ಹೆದರಿಕೊಂಡು ಕೂತಿತ್ತು. "ಹೆದ್ರಬೇಡ ಹೆಣ್ಣೇ, ಎಂತ ಮಾಡುದಿಲ್ಲೆ" ಎಂದು ಡಾಕ್ಟ್ರು ಜೆಲ್ಲಿ ಹಚ್ಚಿದರು. ನಮ್ಮ ಕಡೆ ಚಿಕ್ಕ ಹುಡುಗಿಯನ್ನು ಕರೆಯುವುದೇ ಹಾಗೆ. ಹೆಸರು ಗೊತ್ತಿದ್ದರೂ ಹೆಣ್ಣೇ, ಗೊತ್ತಿಲ್ಲದಿದ್ದರೂ ಹೆಣ್ಣೇ. ನನ್ನನ್ನು ನನ್ನ ಅಪ್ಪ ಸಾಯುವವರೆಗೆ ಹಾಗೇ ಕರೆದರು. ಡಾಕ್ಟ್ರು ಬುಗುಟೆಯ ಮೇಲೆ ನಾಲ್ಕೂ ದಿಕ್ಕಿಗೆ ಪ್ರೋಬ್ ಆಡಿಸಿದರು. ಬಿಳಿ ಗೆರೆ ಎಲ್ಲೂ ಮುರಿಯಲಿಲ್ಲ. ಹುಡುಗಿ ವಾಂತಿ ಮಾಡಿರಲಿಲ್ಲ, ಕೈಯಲ್ಲಿದ್ದ ಬಿಸ್ಕತ್ತನ್ನು ನನಗೆ ಕೊಡಲು ನೋಡುತ್ತಿತ್ತು. ಡಾಕ್ಟ್ರಿಗೆ ಸಂತೋಷವಾಯಿತು. ಸಂತೋಷವಾದಾಗಲೂ ಅವರ ದನಿ ದೊಡ್ಡದೇ.

"ಹೆಣ್ಣ್ ಗಟ್ಟಿ ಇತ್ತ್ ಕಾಣಿ! ಎಂತ ತೊಂದ್ರೆ ಇಲ್ಲೆ!"

ಪರದೆಯ ಹೊರಗೆ ಅತ್ತೆ ಇದನ್ನು ಕೇಳಿದರು. ಸ್ಕ್ಯಾನಿಂಗ್ ಯಂತ್ರ ಒಳಗೆ ಹೋದದ್ದನ್ನು ಕಂಡಿದ್ದರು, ಬಸುರಿ ಸೊಸೆ ಒಳಗೆ ಕೂತದ್ದನ್ನು ಕಂಡಿದ್ದರು. ತಲೆಗೆ ಪೆಟ್ಟಾದ ಮೊಮ್ಮಗಳು ಒಳಗಿದ್ದಾಳೆ ಎನ್ನುವುದು ಮಾತ್ರ ಆ ಹೊತ್ತಿಗೆ ಅವರ ತಲೆಯಲ್ಲಿರಲಿಲ್ಲ. ಇವರ ಕಿವಿ ಇದ್ದದ್ದು ಹೊಟ್ಟೆಯ ಕಡೆ. ಹೊರಬಂದ ಸೊಸೆಯ ಮುಖವನ್ನೂ ನೋಡದೆ ಆಟೋ ಹತ್ತಿದರು. ಸೊಸೆ ಎಷ್ಟು ಹೇಳಿದರೂ, "ಅದು ಇವಳ ತಲೆ ಕಂಡದ್ದು, ಅತ್ತೆ" ಎಂದರೂ, ನಂಬಲಿಲ್ಲ. ಗುಲ್ವಾಡಿಯ ಮನೆಮನೆಯಲ್ಲಿ ಹೇಳಿಕೊಂಡರು. "ಇದೂ ಹೆಣ್ಣಂಬ್ರ್. ಡಾಕ್ಟ್ರೇ ಮಿಷನ್ ಇಟ್ಟ್ ಕಂಡ್ ಹೇಳ್ರ್."

ಕೇಳಿದವರಲ್ಲಿ ಯಾರೋ ಒಬ್ಬರು ಮೇಲಿನವರಿಗೆ ಫೋನ್ ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ್ದು ನಿಜವಾಗಿದ್ದರೆ ಅವರು ಮಾಡಿದ್ದೇ ಸರಿ.

ತಪಾಸಣೆಗೆ ಬಂದವರು ಘಟ್ಟದ ಮೇಲಿನವರು, ನಮ್ಮ ಕಡೆಗೆ ಹೊಸಬರು. ಮೊದಲು ಕೇಳಿದ್ದು, ಯಂತ್ರ ಮುಟ್ಟುವವರ ಪಟ್ಟಿಯಲ್ಲಿ ಡಾಕ್ಟರ್ ವಾರಿಜಾ ಹೆಸರು ಎಲ್ಲಿದೆ ಎಂದು. ಇರಲಿಲ್ಲ. ದೊಡ್ಡ ಡಾಕ್ಟ್ರು ಕಳಿಸಿಯೇ ಇರಲಿಲ್ಲ. ವಾರಿಜಾ ಡಾಕ್ಟ್ರು ಅವರ ಮುಖ ನೋಡಿದರು. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಹೇಳಿದರು, "ಅವರು ಯಂತ್ರವನ್ನು ಕ್ಯಾಶುವಲ್ಟಿಗೆ ಒಯ್ಯುತ್ತಿದ್ದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ ಸಾರ್." ಅಧಿಕಾರಿಗಳ ಎದುರು ಅವರ ಬಾಯಲ್ಲಿ ಪುಸ್ತಕದ ಕನ್ನಡ ಬಂದುಬಿಟ್ಟಿತ್ತು. ಅವರ ಕೋಣೆಯ ಬಾಗಿಲ ಮುಂದಿನಿಂದಲೇ ನಾನು ಆ ಯಂತ್ರವನ್ನು ಕಿರ್‍ರೆನಿಸಿಕೊಂಡು ಹೋಗುತ್ತಿದ್ದೆ. ಚಕ್ರಕ್ಕೆ ಎಣ್ಣೆ ಬಿಡಿ ಎಂದು ಗದರಿದ್ದವರೇ ಅವರು!

ನಾನು ಸುಮ್ಮನಿರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಆ ಅಧಿಕಾರಿಯ ಮುಂದೆ ನಿಂತು ಎಲ್ಲ ಹೇಳಿದೆ. ಯಜಮಾನರು ಕಳಿಸಿದ್ದೇನೆ ಎಂದದ್ದು ಹೇಳಿದೆ. ಡಾಕ್ಟ್ರು ನೋಡಿದ್ದು ಹುಡುಗಿಯ ತಲೆಯನ್ನು, ಹೊಟ್ಟೆಯನ್ನಲ್ಲ ಎಂದೆ. ಹೆಣ್ಣ್ ಎಂದದ್ದು ಆ ಹುಡುಗಿಗೆ ಎಂದೆ. ಅವರು ಪೆನ್ನು ಎತ್ತಿ ಹಿಡಿದು ಕೇಳಿದರು.

"ಹೆಣ್ಣು ಅಂದ್ರೆ ಹೆಣ್ಣೇ ಅಲ್ವೇನ್ರೀ ಸಿಸ್ಟರ್?"

"ಅಲ್ಲ ಸಾರ್. ಇಲ್ಲಿ ಮಕ್ಕಳನ್ನ ಕರೆಯುವುದೇ ಹಾಗೆ."

"ಹೆಸರಿಟ್ಟು ಕರೆಯೋದಿಲ್ವಾ ನೀವು?"

ಸುಜಾತಳನ್ನೂ ಕರೆಸಿ ಕೇಳಿದರು. ಅವಳು ಅಳುತ್ತ, ಡಾಕ್ಟ್ರು ನನ್ನ ಹೊಟ್ಟೆಯನ್ನು ಮುಟ್ಟಲೂ ಇಲ್ಲ, ಮಗಳ ತಲೆ ಮಾತ್ರ ಕಂಡದ್ದು, ಎಂದಳು. ಡಾಕ್ಟ್ರನ್ನು ಉಳಿಸಲು ಹೇಳುತ್ತಿದ್ದಾಳೆ ಎಂದುಕೊಂಡರು. ಅಲ್ಟ್ರಾಸೌಂಡಿನಲ್ಲಿ ಮಗುವಿನ ತಲೆಬುರುಡೆ ನೋಡುತ್ತಾರೆ ಎನ್ನುವುದನ್ನೇ ಅವರು ಕೇಳಿರಲಿಲ್ಲ. ಎಲ್ಲಾದರೂ ಉಂಟೇ ಎನ್ನುವ ಹಾಗೆ ಸ್ಕ್ಯಾನಿಂಗ್ ಡಾಕ್ಟ್ರ ಕಡೆ ತಿರುಗಿದರು. "ಓದಿದ್ದೇನೆ, ನಾನು ಮಾಡುವುದಿಲ್ಲ" ಎಂದು ಅವರು ಜಾರಿಕೊಂಡರು.

ವಾರಿಜಾ ಡಾಕ್ಟ್ರು ಮಾತ್ರ ಕೂಗಿದರು. ಆ ಕೂಗು ಆಟೋ ಸ್ಟ್ಯಾಂಡ್ ದಾಟಿ ಹೋಗಿರಬೇಕು. "ನನ್ನ ಹೆಸ್ರ್ ಇಲ್ದೇ ಯಂತ್ರ ಮುಟ್ಟದ್ದ್ ತಪ್ಪಂಬ್ರಿ, ಅದ್ಕೆ ಎಂತ ಮಾಡ್ತ್ರಿ ಮಾಡಿ. ಹೆಣ್ಣ್ ಗಂಡ್ ಹೇಳ್ದೆ ಅಂಬ್ರಿಯಾ? ನಾನಾ? ನಾನ್ ಹುಟ್ಟಿದ್ದಕ್ಕೇ ಉಪ್ವಾಸ ಕೂತ್ ಜನ ಇದ್ರ್ ಮಾರಾಯ್ರೆ, ನಾನ್ ಹೇಳ್ತ್ನಾ?" ಕೂಗುವವರನ್ನು ಕಂಡರೆ ಕಾಗದ ಬರೆಯುವವರಿಗೆ ಧೈರ್ಯ ಬರುತ್ತದೆ. ‘ತನಿಖೆಗೆ ಸಹಕರಿಸಲಿಲ್ಲ’ ಎಂದು ಬರೆದುಕೊಂಡರು. ಯಂತ್ರಕ್ಕೆ ಬಿಳಿ ಬಟ್ಟೆ ಸುತ್ತಿ, ದಾರ ಕಟ್ಟಿ, ಅರಗು ಸುರಿದು ಸೀಲು ಒತ್ತಿದರು. ಆ ಅರಗು ಬಿಸಿ ಮಾಡಲು ಮೇಣದಬತ್ತಿ ತಂದುಕೊಡಬೇಕಾದವಳೂ ನಾನೇ.

ಹೆಣ್ಣು ಗಂಡು ಹೇಳಿದ್ದಕ್ಕೆ ಸಾಕ್ಷಿ ಇಲ್ಲ ಎಂದು ಆಮೇಲೆ ಒಪ್ಪಿದರು. ಆದರೆ ನೋಂದಣಿ ಇಲ್ಲದೆ ಬಳಸಿದ್ದು ಉಳಿಯಿತು, ಸೀಲೂ ಉಳಿಯಿತು. ಆಸ್ಪತ್ರೆಯ ಹೆಸರು ಕೆಡುತ್ತದೆ ಎಂದು ದೊಡ್ಡ ಡಾಕ್ಟ್ರು ವಾರಿಜಾ ಡಾಕ್ಟ್ರನ್ನು ಬಿಡಿಸಿದರು. ಹೆಸರು ಕೆಟ್ಟದ್ದು ಯಾರದು ಎಂದು ನಾನು ಕೇಳಬೇಕಿತ್ತೆ? ಕೇಳಿದೆ. ನನ್ನನ್ನು ವಾರ್ಡಿಗೆ ಹಾಕಿದರು. ಬದಲಿಗೆ ಬಂದ ಸಿಸ್ಟರ್ ಬುಗುಟೆಯ ಮಕ್ಕಳನ್ನು ನಿಭಾಯಿಸಲಾರದೆ ಕಣ್ಣೀರು ಹಾಕಿದ ಮೇಲೆ ಮತ್ತೆ ಕ್ಯಾಶುವಲ್ಟಿಗೇ ತಂದರು.

ಈ ಗಲಾಟೆಯಲ್ಲಿ ಒಂದು ಸಂಗತಿ ಎಲ್ಲರಿಗೂ ಮರೆತುಹೋಗಿತ್ತು. ಆ ಹುಡುಗಿಯನ್ನು ಮರುದಿನ ತಂದು ತೋರಿಸಬೇಕಿತ್ತು. ಅತ್ತೆಗೆ ಮುನಿಸು, ಆಮೇಲೆ ತನಿಖೆಯ ಹೆದರಿಕೆ. ತರಲೇ ಇಲ್ಲ. ಡಾಕ್ಟ್ರು ಫೋನ್ ಮಾಡಿದರೆ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಬೈಂದೂರಿಗೆ ಹೋಗಿಯಾಗಿತ್ತು.

ಸುಜಾತಳ ಹೆರಿಗೆ ಬೇರೆ ಆಸ್ಪತ್ರೆಯಲ್ಲಿ ಆಯಿತು. ಸುದ್ದಿ ಕೇಳಿ, ನೋಡಿಕೊಂಡು ಬರುವ ನೆಪದಲ್ಲಿ ನಾನು ಗುಲ್ವಾಡಿಗೆ ಹೋದೆ. ಹುಟ್ಟಿದ್ದು ಗಂಡು. ಅತ್ತೆ ನನ್ನನ್ನು ಗುರುತು ಹಿಡಿದು, ಹಳೆಯದೇನೂ ಆಗಲಿಲ್ಲ ಎನ್ನುವ ಹಾಗೆ ಬೆಲ್ಲ ನೀರು ಕೊಟ್ಟು ಕೂರಿಸಿದರು. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ನಕ್ಕರು.

"ನಿಮ್ಮ್ ಡಾಕ್ಟ್ರ್ ಹೆಣ್ಣ್ ಅಂದಿದ್ರಲೆ, ಕಾಣಿ, ಗಂಡ್ ಹುಟ್ತ್! ಬುರ್ಡೆ ಡಾಕ್ಟ್ರ್ ಅಂದೇಳಿ ಸುಮ್ನೆ ಹೇಳ್ತ್ರಾ? ಬರೀ ಬುರ್ಡೆ!"

ಲೋಟವನ್ನು ಕೆಳಗಿಟ್ಟೆ. ಬಾಣಂತಿ ಒಳಗಿಂದ ಕಣ್ಣಲ್ಲೇ ಬೇಡ ಎಂದಳು. ಇಲ್ಲದಿದ್ದರೆ ಆವತ್ತು ನನ್ನ ಬಾಯಿಂದ ಏನು ಬರುತ್ತಿತ್ತೋ. ಈ ಅತ್ತೆಯ ಬಾಯಿ ಆಡಿದ ಒಂದು ಮಾತಿಗೆ ಒಬ್ಬ ಡಾಕ್ಟ್ರ ಮಾನ ಹೋಯಿತು, ಒಂದು ಯಂತ್ರ ಮೂಲೆ ಸೇರಿತು. ಈಗ ಅದೇ ಬಾಯಿ ಆ ಡಾಕ್ಟ್ರು ಸರಿಯಾಗಿ ಹೇಳಲಿಲ್ಲ ಎಂದು ನಗುತ್ತಿದೆ.

ಹುಡುಗಿ ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದ್ದಳು. ಕರೆದೆ. ಬಂದಳು. ತಲೆಯ ಹಿಂದೆ ಕೈಯಾಡಿಸಿದೆ, ಹಳೆಯ ಬುಗುಟೆ ಪೂರ್ತಿ ಇಳಿದಿತ್ತು. ಚುರುಕಾಗಿದ್ದಳು, ಮಾತು ಬೇರೆ ಕಲಿತಿದ್ದಳು. ಆದರೆ ಹಣೆಯ ಮೇಲೆ ಹೊಸದೊಂದು ಸಣ್ಣ ಬುಗುಟೆ, ಅದರ ಮೇಲೆ ಎಣ್ಣೆ. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಅತ್ತೆ ಹೇಳಿದರು, "ನಿನ್ನೆ ಬಿತ್ತ್. ಲಾಯ್ಕ್ ಮಾಡಿ ತಿಕ್ಕಿದೆ."

ವಾರಿಜಾ ಡಾಕ್ಟ್ರನ್ನು ಕೊನೆಯ ಸಲ ಕಂಡದ್ದು ಬೈಂದೂರು ಬಸ್ ಸ್ಟ್ಯಾಂಡಿನಲ್ಲಿ. ಕೊಲ್ಲೂರು ಮೇಲಿನಿಂದ ಘಟ್ಟ ಹತ್ತುವ ಬಸ್ಸಿಗೆ ಕಾಯುತ್ತಿದ್ದರು. ಘಟ್ಟದ ಆಚೆ ಎಲ್ಲೋ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಸ್ಕ್ಯಾನಿಂಗ್ ಯಂತ್ರ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಕಂಕುಳಲ್ಲಿ ಬ್ಯಾಗು ಅವುಚಿಕೊಂಡಿದ್ದರು, ಎಡಗಂಕುಳು.

ನಾನು ಗುಲ್ವಾಡಿಗೆ ಹೋದದ್ದನ್ನು ಹೇಳಿದೆ. ಗಂಡು ಹುಟ್ಟಿತು ಎಂದೆ. ಅತ್ತೆ ಆಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರು ಕೂಗಬೇಕು, ಬಸ್ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಬೇಕು ಎಂದು ನನಗೆ ಆಸೆ. ನನ್ನ ಸಿಟ್ಟಿಗೂ ಒಂದು ದೊಡ್ಡ ಗಂಟಲು ಬೇಕಿತ್ತು.

"ಅದ್ ಇರ್ಲಿ" ಎಂದರು. "ಆ ಹೆಣ್ಣ್ ಹ್ಯಾಂಗ್ ಇತ್ತ್?"

ಒಂದು ಕ್ಷಣ ನನಗೂ ಗೊತ್ತಾಗಲಿಲ್ಲ, ಯಾವ ಹೆಣ್ಣು ಎಂದು. ಎಷ್ಟು ಜನ ಬಂದರು, ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಸಹಿ ಹಾಕಿಸಿಕೊಂಡರು. ಆ ಹುಡುಗಿ ಹೇಗಿದ್ದಾಳೆ ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ.

"ಲಾಯ್ಕ್ ಇತ್ತ್ ಡಾಕ್ಟ್ರೆ. ಕೋಳಿ ಓಡ್ಸ್ಕಂಡ್ ಇತ್ತ್."

"ಬುಗುಟೆ?"

"ಇಳ್ದಿತ್ತ್. ನಾನೇ ಮುಟ್ಟಿ ಕಂಡೆ."

"ವಾಂತಿ, ಮಂಕ್, ಎಂತದೂ ಆಯ್ಲಿಲ್ಯಲೆ?"

"ಎಂತದೂ ಇಲ್ಲೆ."

ಅವರ ಹೆಗಲು ಸ್ವಲ್ಪ ಇಳಿಯಿತು. ಅಷ್ಟು ದಿನವೂ ಅದನ್ನೇ ಹೊತ್ತುಕೊಂಡಿದ್ದರು ಎಂದು ಆಗ ಗೊತ್ತಾಯಿತು. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿದರು.

"ಅಜ್ಜಿ ತಿಕ್ಕುದ್ ಬಿಟ್ರಾ?"

"ಬಿಟ್ರ್ ಡಾಕ್ಟ್ರೆ" ಎಂದೆ. "ಈಗ್ ತಿಕ್ಕುದೇ ಇಲ್ಲೆ."

ನನ್ನ ಮುಖವನ್ನು ನೋಡಿದರು. ಪರದೆಯನ್ನು ನೋಡುವಾಗ ಕಣ್ಣು ಸಣ್ಣ ಮಾಡುತ್ತಿದ್ದರಲ್ಲ, ಹಾಗೆ.

"ಬುರ್ಡೆ ಬಿಡ್ಬೇಡ ಪ್ರೇಮ" ಎಂದರು, ಮಕ್ಕಳ ಹತ್ತಿರ ಮಾತಾಡುವ ಆ ಸಣ್ಣ ದನಿಯಲ್ಲಿ. ಬಸ್ಸು ಕೊಲ್ಲೂರು ರಸ್ತೆಗೆ ತಿರುಗಿತು. ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.